ಇಳಿಯದೆ ದೇಹೂ ರೋಡಿಗೆ

ಯುದ್ಧದ ಕಾಲದಲ್ಲಿ ನಾನೂ ನನ್ನ ಅಣ್ಣನೂ ದಿನಾಲು ಪುಣೆಯ ಪೇಠೆಯಿಂದ ದೇಹೂ ರೋಡಿನವರೆಗೆ ಸೈಕಲ್ ಹೊಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆವು ಎಂದರೆ ಈಗಿನ ಹುಡುಗರು ಕಣ್ಣರಳಿಸುತ್ತಾರೆ. ಆಗಿನವರ ಮೈಕಟ್ಟೇ ಬೇರೆ ಬಿಡಿ ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮೈಕಟ್ಟೂ ಇಲ್ಲ, ಮಣ್ಣೂ ಇಲ್ಲ. ಬೇರೆ ದಾರಿ ಇರಲಿಲ್ಲ, ಹೋದೆವು.

ದೇಹೂ ರೋಡಿನಲ್ಲಿ ಮಿಲಿಟರಿಯವರದೊಂದು ಡಿಪೋ ಇತ್ತು. ನಾವಿಬ್ಬರೂ ಅಲ್ಲಿ ಕಾರಕೂನರು. ಲೋಕಲ್ ರೈಲು ಇರಲಿಲ್ಲವೆಂದಲ್ಲ. ಆದರೆ ಸೋಲ್ಜರರ ಗಾಡಿ ಬಂತೆಂದರೆ ನಮ್ಮ ಲೋಕಲ್ಲನ್ನು ಖಡಕಿಯಲ್ಲೋ ಚಿಂಚವಡದಲ್ಲೋ ಬದಿಗೆ ಸರಿಸಿ ನಿಲ್ಲಿಸುತ್ತಿದ್ದರು. ಅದು ಮತ್ತೆ ಯಾವಾಗ ಹೊರಡುತ್ತದೆ ಎಂದು ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲ. ಡಿಪೋದ ಗೇಟು ಮಾತ್ರ ಯಾರ ಗಾಡಿಗೂ ಕಾಯುತ್ತಿರಲಿಲ್ಲ. ಭೋಂಗಾ, ಅಂದರೆ ಡಿಪೋದ ಸೈರನ್ನು, ಕೂಗಿದ ಮೇಲೆ ಬಂದವನು ಮಧ್ಯಾಹ್ನದವರೆಗೆ ಹೊರಗೆ ಬೇವಿನ ಗಿಡದ ಕೆಳಗೆ ಕೂಡಬೇಕು, ಆ ಅರ್ಧ ದಿನದ ಪಗಾರ ಹೋದಂತೆ. ಹಾಗಾಗಿ ಸೈಕಲ್ಲು. ಅಣ್ಣನದು ಅಪ್ಪನ ಕಾಲದ್ದು, ಎತ್ತಿದರೆ ಬೆನ್ನು ಹಿಡಿದುಕೊಳ್ಳುವಷ್ಟು ಭಾರ. ನನ್ನದು ಯಾರೋ ಬಳಸಿ ಬಿಟ್ಟದ್ದು. ಟಯರು ಆಗ ಬಜಾರದಲ್ಲಿ ಕಣ್ಣಿಗೂ ಬೀಳುತ್ತಿರಲಿಲ್ಲ. ಹರಿದ ಕಡೆ ಹಳೆಯ ಬೂಟಿನ ಚರ್ಮ ಒಳಗೆ ಕೂಡಿಸಿ ಓಡಿಸುತ್ತಿದ್ದೆವು. ಒಂದೊಂದು ಸುತ್ತಿಗೂ ಆ ಜಾಗ ನೆಲಕ್ಕೆ ಟಕ್ ಎಂದು ಬಡಿಯುತ್ತಿತ್ತು.

ನಾವು ಧಾರವಾಡದ ಕಡೆಯವರು. ಅಪ್ಪ ನೌಕರಿಗೆಂದು ಪುಣೆಗೆ ಬಂದು, ಹತ್ತಾರು ಬಿಡಾರಗಳಿದ್ದ ಒಂದು ವಾಡೆಯ ಹಿಂಬದಿಗೆ ಎರಡು ಖೋಲಿ ಹಿಡಿದು, ಅಲ್ಲಿಯೇ ಎದೆಯ ಬೇನೆಯಿಂದ ತೀರಿಕೊಂಡಿದ್ದರು. ಎಂಥ ಬೇನೆ ಎಂಬುದು ನಮಗೆಲ್ಲ ಗೊತ್ತಿತ್ತು. ಅದರ ಹೆಸರನ್ನು ಮಾತ್ರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಸರು ಹೇಳಿದರೆ ಅದು ತಿರುಗಿ ಬರುತ್ತದೆ ಎಂಬ ಹೆದರಿಕೆ ಅವ್ವನಿಗೆ. ವಾಡೆಯವರು ನಳದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂಬ ಹೆದರಿಕೆ ನಮಗೆ. ತಂಗಿಯನ್ನು ಕಾತ್ರಜ್ ಘಾಟದಾಚೆ ಭೋರ್ ಎಂಬ ಊರಿಗೆ ಕೊಟ್ಟಿತ್ತು. ಮನೆಯಲ್ಲಿ ಉಳಿದವರು ಅವ್ವ, ಅಣ್ಣ, ನಾನು.

ಅಣ್ಣನಿಗೆ ಗುರಿ ಇಟ್ಟುಕೊಳ್ಳುವ ಹುಚ್ಚು. ಸುಮ್ಮನೆ ಒಂದು ಕೆಲಸ ಮಾಡಿ ಮುಗಿಸಿದ ಅಂತಲೇ ಇಲ್ಲ, ಅದಕ್ಕೊಂದು ಪಂಥ ಬೇಕು. ಆ ವರ್ಷ ದೀಪಾವಳಿಯ ಫರಾಳಕ್ಕೆ ಕೂತಾಗ ಚಕ್ಕುಲಿ ಮುರಿಯುತ್ತಾ ಸಾರಿದ:

“ಈ ಸಂಕ್ರಮಣಕ್ಕ ತಂಗಿ ಮನಿಗೆ ಎಳ್ಳು-ಬೆಲ್ಲ ನಾ ಸೈಕಲ್ ಮ್ಯಾಲೇ ಒಯ್ಯಾಂವ. ಕಾತ್ರಜ್ ಘಾಟ ಇಳೀದೇ ಹತ್ತಾಂವ.”

“ಯಾಕ, ಬಸ್ಸು ಸತ್ತಾವೇನು?” ಎಂದೆ.

“ಬಸ್ಸಿನ್ಯಾಗ ಕುರೀನೂ ಹೋಗ್ತದ,” ಎಂದ.

ಘಾಟಕ್ಕೆ ತಯಾರಿ ಎಂದು ಮೊದಲು ದಿನದ ದಾರಿಯಲ್ಲಿಯೇ ಒಂದು ಗುರಿ ಇಟ್ಟ. ಮನೆಯಿಂದ ಡಿಪೋದ ಗೇಟಿನವರೆಗೆ ಕಾಲು ನೆಲಕ್ಕೆ ತಾಕಬಾರದು. ಶಿವಾಜಿನಗರ, ಹಳಬರ ಬಾಯಲ್ಲಿ ಅದಿನ್ನೂ ಭಾಂಬುರ್ಡೆಯೇ, ಅದಾದ ಮೇಲೆ ಖಡಕಿ, ದಾಪೋಡಿಯ ಸೇತುವೆ, ಪಿಂಪರಿ, ಚಿಂಚವಡ, ಆಕುರ್ಡಿ, ಅಲ್ಲಿಂದ ನಿಗಡಿಯ ಏರು, ಅದರಾಚೆ ದೇಹೂ ರೋಡ್. ನೋಡುವ ಕಣ್ಣಿಗೆ ದಾರಿ ಸಪಾಟು. ಅದು ಏರುತ್ತಲೇ ಹೋಗುತ್ತದೆ ಎಂಬುದು ತುಳಿಯುವ ಕಾಲಿಗೆ ಗೊತ್ತು. ಒಂದು ದಿನ ಅಣ್ಣ ಆ ಗುರಿ ಮುಟ್ಟಿಯೂ ಬಿಟ್ಟ. ನಾನು ನಿಗಡಿಯಲ್ಲಿ ಇಳಿದು ಸೈಕಲ್ ದಬ್ಬಿಕೊಂಡು ಏರುವಾಗ ಅವನು ಮೇಲೆ, ಕಾಲು ಊರದೆ, ರಸ್ತೆಯ ತುಂಬ ಗುಂಡಗೆ ಸುತ್ತು ಹಾಕುತ್ತಾ ನನ್ನನ್ನು ಅಣಕಿಸುತ್ತಿದ್ದ. ಅವನನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ಸುತ್ತು ಹಾಕುವ ಅಣ್ಣ. ಆಮೇಲಿನದೆಲ್ಲ ಬೇಡವೆಂದರೂ ಬರುತ್ತದೆ.

ಕೆಮ್ಮು ಹತ್ತಿದ್ದು ಅದಾದ ಮೇಲೆ. ಮೊದಲು ಧೂಳಿನ ಕೆಮ್ಮು ಎಂದ, ಆಮೇಲೆ ಚಳಿಯ ಕೆಮ್ಮು ಎಂದ. ಒಂದು ದಿನ ನಿಗಡಿಯಲ್ಲಿ ಇಳಿದ. ಸ್ವಲ್ಪ ದಿನಕ್ಕೆ ಆಕುರ್ಡಿಯಲ್ಲಿ ಇಳಿದ. ಮುಂದಕ್ಕೆ ಹೋಗಬೇಕಾದ ಗುರಿ ಹಿಂದಕ್ಕೆ ಬರತೊಡಗಿತು. ಅವನು ಅದನ್ನು ಒಪ್ಪಬೇಕಲ್ಲ. “ಈ ವಾರ ಚಿಂಚವಡ ಪಕ್ಕಾ ಮಾಡೋಣು. ಅದು ಗಟ್ಟಿ ಆದ ಮ್ಯಾಲೆ ಮುಂದಿಂದು,” ಎನ್ನುತ್ತಿದ್ದ, ತಾನೇ ಬೇಕೆಂದು ಹಿಂದೆ ಸರಿದವನ ಹಾಗೆ. ಭೋರಿನ ಮಾತು ಅವನ ಬಾಯಿಂದ ಬಿದ್ದೇ ಹೋಯಿತು.

ಕಾಯಿದೆಗಳೂ ಸಡಿಲಾದವು. ಮೊದಲು ನಿಂತರೆ ಸೋತಂತೆ. ಆಮೇಲೆ ಮೈಲಿಗಲ್ಲಿನ ಮೇಲೆ ಕಾಲಿಟ್ಟು ನಿಂತರೆ ಇಳಿದಂತಲ್ಲ ಎಂದಾಯಿತು, ಏಕೆಂದರೆ ಕಲ್ಲು ನೆಲವಲ್ಲ. ಆಮೇಲೆ ದಾಪೋಡಿಯ ಸೇತುವೆಯ ಮೇಲೆ ನಡೆದರೂ ನಡೆಯುತ್ತದೆ, ಏಕೆಂದರೆ ಸೇತುವೆ ರಸ್ತೆಯಲ್ಲ. ವಕೀಲನಾಗಬೇಕಿತ್ತು ನೀನು ಎಂದು ನಾನು ನಕ್ಕೆ. ಅವನೂ ನಕ್ಕ, ನಗುತ್ತಲೇ ಕೆಮ್ಮಿದ, ಕೆಮ್ಮು ನಿಲ್ಲುವವರೆಗೆ ನಾನು ಬೇರೆ ಕಡೆ ನೋಡುತ್ತಾ ನಿಂತೆ.

ಅವ್ವನಿಗೂ ಈ ಆಟ ಹಿಡಿಸಿತ್ತು. ಸಂಜೆ ನಾವು ವಾಡೆಯ ಬಾಗಿಲು ದಾಟಿಸಿ ಸೈಕಲ್ ಒಳಗೆ ತರುವಾಗಲೇ ಖೋಲಿಯಿಂದ ಕೇಳುತ್ತಿದ್ದಳು: “ಇವತ್ತ ಎಲ್ಲೀತನಕ ಇಳೀದೇ ಹೋದ್ಯೋ?”

ಮೊದಮೊದಲು ಇದ್ದದ್ದನ್ನೇ ಹೇಳುತ್ತಿದ್ದ. ಪಿಂಪರಿಯಲ್ಲಿ ಇಳಿದ ದಿನ, “ಆಕುರ್ಡಿ,” ಎಂದ. ನಾನು ಅವನ ಮುಖ ನೋಡಿದೆ. ಅವನು ಬಗ್ಗಿ ಚೈನಿಗೆ ಅಂಟಿದ ಧೂಳು ಒರೆಸುತ್ತಿದ್ದ. ಅವ್ವ “ಛಲೋ ಆತು” ಎಂದು ಒಳಗೆ ಹೋಗಿ ಚಹಾಕ್ಕಿಟ್ಟಳು.

ಮರುದಿನ ಬೆಳಿಗ್ಗೆ ದಾಪೋಡಿಯ ಸೇತುವೆಯ ಮೇಲೆ ಅವನನ್ನು ಹಿಡಿದು ನಿಲ್ಲಿಸಿದೆ. ಕೆಳಗೆ ನದಿ ಕಾಣುತ್ತಿರಲಿಲ್ಲ, ಬರೀ ಮಂಜು. ನಮ್ಮ ದೀಪಗಳ ಗಾಜಿಗೆ ಸರಕಾರದ ಹುಕುಮಿನಂತೆ ಅರ್ಧ ಕಪ್ಪು ಬಳಿದಿತ್ತು, ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣಲಿಲ್ಲ. ಅದಕ್ಕೇ ಇರಬೇಕು ಮಾತಾಡಲಿಕ್ಕೆ ಆದದ್ದು.

“ಡಾಕ್ಟರ ಕಡೆ ಹೋಗೋಣ ನಡಿ, ಅಣ್ಣಾ.”

“ಡಾಕ್ಟರ ಏನಂತಾನ ಅದು ನಿನಗೂ ಗೊತ್ತದ, ನನಗೂ ಗೊತ್ತದ,” ಎಂದ. “ಅಂವಾ ಒಮ್ಮೆ ಅಂದ ಅಂದ್ರ ಮುಗೀತು. ಡಿಪೋದಾಗಿಂದ ತಗದು ಹಾಕ್ತಾರ. ಅವ್ವ ಅಪ್ಪನ್ನ ನೋಡಿಧಂಗ ನನ್ನ ನೋಡ್ಲಿಕ್ಕೆ ಹತ್ತತಾಳ.” ಹ್ಯಾಂಡಲ್ ಹೊರಳಿಸಿ ಸೈಕಲ್ಲನ್ನು ದೇಹೂ ರೋಡಿನ ಕಡೆಗೆ ಮಾಡಿದ. “ಸಂಕ್ರಮಣದ ತನಕ ಬಿಡು. ಅಷ್ಟರಾಗ ಒಂದು ದಿನ ಇಳೀದೇ ದೇಹೂ ರೋಡ್ ಮುಟ್ಟಿದೆ ಅಂದ್ರ ಎದಿಯೊಳಗ ಏನೂ ಇಲ್ಲ ಅಂತನೇ ಅರ್ಥ. ಮುಟ್ಟಲಿಲ್ಲ ಅಂದ್ರ ನೀ ಎಲ್ಲಿ ಕರದ್ರೂ ಬರ್ತೀನಿ.”

ಎದೆ ಪರೀಕ್ಷೆ ಮಾಡುವ ಯಂತ್ರ ಅವನಿಗೆ ಆ ಸೈಕಲ್ಲೇ ಆಗಿತ್ತು. ಇದೆಂಥ ಹುಚ್ಚು ಎಂದು ಬೈದೆ. ಅವನು ಪೆಡಲಿನ ಮೇಲೆ ಕಾಲಿಟ್ಟು ಮಂಜಿನಲ್ಲಿ ಮುಂದಾದ, ನಾನು ಹಿಂದೆ ಹೋದೆ.

ಅಷ್ಟರಲ್ಲಿ ಧನುರ್ಮಾಸ ಬಂತು. ನಮ್ಮಲ್ಲಿ ಆ ತಿಂಗಳು ಚಿಕ್ಕೆಗಳು ಇನ್ನೂ ಕಾಣುತ್ತಿರುವಾಗಲೇ ಸ್ನಾನ, ಪೂಜೆ, ಹುಗ್ಗಿಯ ನೈವೇದ್ಯ ಎಲ್ಲ ಮುಗಿಯಬೇಕು. ಅಪ್ಪ ಹೋದ ಮೇಲೆ ಪೂಜೆ ಅಣ್ಣನದು. ಬಚ್ಚಲಿನಲ್ಲಿ ತಾಮ್ರದ ಬಂಬು ಇತ್ತು. ಅದರ ನಡುವಿನ ಕೊಳವೆಗೆ ಕೆಂಡ ತುಂಬಿದರೆ ಸ್ನಾನದ ನೀರು ಸುಡುವಷ್ಟು ಕಾಯುತ್ತಿತ್ತು. ಆ ವರ್ಷ ಅವ್ವ ಅದನ್ನು ನನ್ನ ಸ್ನಾನಕ್ಕಷ್ಟೇ ಹಚ್ಚಿದಳು. ಅಣ್ಣನ ಕೆಮ್ಮು ಹೋಗಲಿ ಎಂದು ಅವಳು ಹರಕೆ ಹೊತ್ತಿದ್ದಳು. ತಿಂಗಳು ಮುಗಿಯುವವರೆಗೆ ಹಿರಿಯ ಮಗ ತಣ್ಣೀರು ಹಾಕಿಕೊಂಡು, ಮೈ ಒರೆಸದೆ, ಒದ್ದೆ ಪಂಜೆಯಲ್ಲಿಯೇ ಕೂತು ಪೂಜೆ ಮಾಡುತ್ತಾನೆ ಎಂದು. ಒದ್ದೆ ಬಟ್ಟೆಗಿಂತ ದೊಡ್ಡ ಮಡಿ ಇಲ್ಲ ಎಂಬುದು ಅವಳ ನಂಬಿಕೆ. ಇಂಥ ತಪ್ಪು ನಮ್ಮಂಥ ಮನೆಯವರೇ ಮಾಡಬೇಕು, ಅದೂ ಜೀವಕ್ಕೆ ಜೀವ ಕೊಡುವ ಪ್ರೀತಿಯಿಂದ.

ಬೆಳಗಿನ ಕತ್ತಲಲ್ಲಿ ಬಚ್ಚಲಿನಿಂದ ನೀರು ಹೊಯ್ಯುವ ಚೆರಿಗೆಯ ಸದ್ದು ಕೇಳುತ್ತಿತ್ತು. ಪ್ರತಿ ಚೆರಿಗೆಗೂ ಅಣ್ಣ ಹಾ ಎಂದು ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ಆಮೇಲೆ ದೇವರ ಮುಂದೆ ಕೂತರೆ ಪಂಜೆಯ ನೀರು ಇಳಿದು ಮಣೆಯ ಸುತ್ತ ಹರಿಯುತ್ತಿತ್ತು. ಎಡಗೈಯಲ್ಲಿ ಹಿಡಿದ ಗಂಟೆ, ಅವನು ಬಾರಿಸುವ ಮುಂಚೆಯೇ, ಕೈಯ ನಡುಕಕ್ಕೆ ಸಣ್ಣಗೆ ಕಿಣಿಗುಟ್ಟುತ್ತಿತ್ತು. ಪೂಜೆ ಮುಗಿಸಿ, ಬಿಸಿ ಹುಗ್ಗಿ ಎರಡು ತುತ್ತು ನುಂಗಿ, ಅದೇ ಒದ್ದೆ ತಲೆಗೆ ಮಫ್ಲರ್ ಸುತ್ತಿಕೊಂಡು ಅವನು ಸೈಕಲ್ ಹತ್ತುತ್ತಿದ್ದ.

ಒಂದು ದಿನ ಅಣ್ಣ ಬಚ್ಚಲಿನಲ್ಲಿದ್ದಾಗ ಅವ್ವನ ಮೇಲೆ ಹರಿಹಾಯ್ದೆ. “ಅವಂಗ ಬಿಸಿನೀರು ಕೊಡು ಅವ್ವಾ. ನಾ ಹಾಕ್ಕೋತೀನಿ ತಣ್ಣೀರು. ಹರಕಿ ನನ್ನ ಮ್ಯಾಲೆ ಹಾಕು.”

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. “ಹರಕಿ ಅಂದ್ರ ಅಂಗಿ ಅಲ್ಲಪಾ, ಒಬ್ಬರದು ಒಬ್ಬರಿಗೆ ಹಾಕಲಿಕ್ಕೆ,” ಎಂದಳು. ಆಮೇಲೆ ಮೆತ್ತಗಾಗಿ, “ನೀ ಯಾಕ ಹೆದರ್ತಿ? ಗುಣ ಆಗ್ಲಿಕ್ಕೆ ಹತ್ತ್ಯದ. ನಿನ್ನೆ ಚಿಂಚವಡ ಮುಟ್ಟಿದ್ದ, ಇವತ್ತ ನೋಡು, ಮುಂದ ಹೋಗ್ತಾನ,” ಎಂದಳು.

ಹಿಂದಿನ ದಿನ ಅವನು ಖಡಕಿಯಲ್ಲಿ ಇಳಿದಿದ್ದ. ಅವ್ವ ಬೇಸರಪಡಬಾರದೆಂದು ಅವನು ಹೇಳುತ್ತಿದ್ದ ಸುಳ್ಳೇ ಅವಳಿಗೆ ಹರಕೆ ಫಲಿಸುತ್ತಿರುವ ಗುರುತಾಗಿತ್ತು. ಗುರುತು ಕಂಡಷ್ಟೂ ಅವಳು ನೀರನ್ನು ಇನ್ನಿಷ್ಟು ನಸುಕಿನಲ್ಲೇ ಸೇದಿಡುತ್ತಿದ್ದಳು. ಇವನು ಅವಳಿಗಾಗಿ ಸುಳ್ಳು ಹೇಳುತ್ತಾನೆ, ಅವಳು ಇವನಿಗಾಗಿ ತಣ್ಣೀರು ಸೇದುತ್ತಾಳೆ. ಆ ಮನೆಯಲ್ಲಿ ನನ್ನೊಬ್ಬನಿಗೇ ಎರಡೂ ಕಾಣುತ್ತಿದ್ದವು. ಹೇಳಿಬಿಡುತ್ತೇನೆ ಎಂದು ಬಾಯಿ ತೆರೆಯುವಷ್ಟರಲ್ಲಿ ಬಚ್ಚಲಿನ ಬಾಗಿಲು ಸರಿಯಿತು, ಅಣ್ಣ ನಡುಗುತ್ತಾ ಹೊರಗೆ ಬಂದ, ನನ್ನನ್ನು ನೋಡಿದ. ನಾನು ಪಂಪು ತೆಗೆದುಕೊಂಡು ಸೈಕಲ್ಲಿಗೆ ಗಾಳಿ ಹೊಡೆಯಲಿಕ್ಕೆ ಹೋದೆ.

ದಾರಿಯಲ್ಲಿ ಅವನ ಹಿಂದೆಯೇ ಇರುತ್ತಿದ್ದೆ. ಒಂದೆರಡು ಸಲ ಏರಿನಲ್ಲಿ ಬದಿಗೆ ಹೋಗಿ ಅವನ ಬೆನ್ನಿಗೆ ಕೈ ಹಚ್ಚಿ ದಬ್ಬಲು ನೋಡಿದೆ. ಹೀಗೆ ಮಾಡುವುದು ಆ ದಾರಿಯ ಸೈಕಲ್‌ದವರಲ್ಲಿ ಇದ್ದದ್ದೇ, ದಣಿದವನನ್ನು ಜೊತೆಗಾರ ಒಂದು ಕೈಯಿಂದ ನೂಕಿಕೊಂಡು ಹೋಗುವುದು. ಅಣ್ಣ ಮೈ ಕೊಡವಿ, “ಕೈ ತಗಿ. ನಾ ಏನು ಕೈಗಾಡಿ ಏನು?” ಎಂದ. ನನಗೂ ಸಿಟ್ಟು ಬಂತು. ಬಿದ್ದು ಸಾಯಿ ಎಂದು ಅಂದುಬಿಟ್ಟೆ. ಅಂದ ಮೇಲೆ ಇಡೀ ದಿನ ಡಿಪೋದಲ್ಲಿ ಕೈಗೆ ಕೆಲಸ ಹತ್ತಲಿಲ್ಲ.

ಧನುರ್ಮಾಸದ ಕೊನೆಯ ದಿನ, ಭೋಗಿ. ಮರುದಿನ ಸಂಕ್ರಮಣ. ಅಣ್ಣ ಪೂಜೆ ಮುಗಿಸಿ ಬಂದವನು, ಕಾಲಿಗೆ ಕ್ಲಿಪ್ಪು ಹಾಕಿಕೊಳ್ಳುತ್ತಾ, “ಇವತ್ತ ಇಳೀಯಂಗಿಲ್ಲ,” ಎಂದ. ಕಲ್ಲೂ ಇಲ್ಲ, ಸೇತುವೆಯೂ ಇಲ್ಲ, ಮೊದಲಿನ ಕಾಯಿದೆ.

ಶಿವಾಜಿನಗರ ದಾಟಿತು, ಖಡಕಿ ದಾಟಿತು. ದಾಪೋಡಿಯ ಸೇತುವೆಯ ಮೇಲೆ ಇಳಿಯುತ್ತಾನೆ ಎಂದು ಬ್ರೇಕಿಗೆ ಕೈ ಹಾಕಿದೆ, ಅವನು ಇಳಿಯಲಿಲ್ಲ. ಪಿಂಪರಿ, ಚಿಂಚವಡ. ನನಗೆ ಖುಷಿಯಾಗಬೇಕಿತ್ತು, ಹೆದರಿಕೆಯಾಯಿತು. ಅವನ ಉಸಿರು ನನ್ನ ಟಯರಿನ ಟಕ್ ಟಕ್ಕಿಗಿಂತ ಜೋರಾಗಿ ಕೇಳುತ್ತಿತ್ತು. ಎದುರಿನಿಂದ ಮಿಲಿಟರಿ ಲಾರಿಗಳು ಸಾಲು ಹಿಡಿದು ಬಂದವು. ಧೂಳಿನಲ್ಲಿ ಅವನು ಕಣ್ಮರೆಯಾದ. ಧೂಳು ಇಳಿದಾಗ ನೋಡಿದರೆ ಇನ್ನೂ ತುಳಿಯುತ್ತಲೇ ಇದ್ದ.

ನಿಗಡಿಯ ಏರಿಗೆ ಅವನ ಮುಂದಿನ ಗಾಲಿ ಅತ್ತಿತ್ತ ಹೊರಳತೊಡಗಿತು. ಇನ್ನು ಬೀಳುತ್ತಾನೆ ಎಂದಾಗ ಬದಿಗೆ ಹೋಗಿ ಬೆನ್ನಿಗೆ ಅಂಗೈ ಹಚ್ಚಿದೆ. ಕೋಟಿನ ಮೇಲಿಂದಲೂ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಬೈಯುತ್ತಾನೆ ಎಂದು ಕಾದೆ. ಅವನು ತಲೆ ಎತ್ತದೆ, ಒಂದೊಂದೇ ಅಕ್ಷರ ಉಸಿರಿನ ನಡುವೆ ಸಿಕ್ಕಿಸಿ, “ಕೈ ತಗೀಬ್ಯಾಡ,” ಎಂದ.

ತೆಗೆಯಲಿಲ್ಲ. ಏರು ಮುಗಿದ ಮೇಲೂ ತೆಗೆಯಲಿಲ್ಲ. ಭೋಂಗಾ ಕೂಗುವ ಮುಂಚೆ ಗೇಟಿನೊಳಗೆ ಹೋಗಿ ಅವನು ಕಾಲು ನೆಲಕ್ಕೆ ಊರಿದ. ತುಟಿ ನೀಲಿಯಾಗಿತ್ತು. “ಅವ್ವಗ ಕೈ ಹಚ್ಚಿದ್ದು ಹೇಳಬ್ಯಾಡ,” ಎಂದ. ಅಷ್ಟು ಹೊತ್ತಿನಲ್ಲಿಯೂ ಅವನಿಗೆ ಅದೇ ಚಿಂತೆ.

ಸಂಜೆ ಸೈಕಲ್ಲನ್ನು ಡಿಪೋದಲ್ಲಿಯೇ ಬಿಟ್ಟು ಲೋಕಲ್ಲಿನಲ್ಲಿ ಮನೆಗೆ ಬಂದ. ಅವ್ವ ಕೇಳಿದಳು. “ದೇಹೂ ರೋಡ್,” ಎಂದ. “ಗೇಟಿನ ಒಳಗೇ ಇಳದೆ.” ಅವ್ವನ ಕಣ್ಣು ತುಂಬಿ ಬಂತು. ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು, ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ಕೆನ್ನೆ ಸುಡುತ್ತಿದ್ದದ್ದು ಅವಳ ಕೈಗೆ ಗೊತ್ತಾಗಲಿಲ್ಲವೇ ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಒಲೆಯ ಮುಂದಿದ್ದವಳ ಕೈ ಅದು, ಗೊತ್ತಾಗಿರಲಿಕ್ಕಿಲ್ಲ.

ಸಂಕ್ರಮಣದ ಬೆಳಿಗ್ಗೆ ಹರಕೆ ಮುಗಿದಿತ್ತು. ಅವ್ವ ಅಣ್ಣನಿಗಾಗಿ ಬಂಬಿಗೆ ಕೆಂಡ ತುಂಬಿದಳು. ತಿಂಗಳಾದ ಮೇಲೆ ಮೈಮೇಲೆ ಬಿಸಿನೀರು ಬಿತ್ತು, ಅವನಿಗೆ ಕೆಮ್ಮು ಒತ್ತರಿಸಿ ಬಂತು, ಬಚ್ಚಲ ಕಲ್ಲಿನ ಮೇಲೆ ರಕ್ತ ಬಿತ್ತು. ಒಣ ಪಂಜೆ ಕೊಡಲಿಕ್ಕೆ ಬಾಗಿಲಲ್ಲಿ ನಿಂತಿದ್ದ ಅವ್ವ ನೋಡಿದಳು. ಚೆರಿಗೆಯಿಂದ ನೀರು ಹಾಕಿ ಕಲ್ಲು ತೊಳೆದಳು. ಆಮೇಲೆ ನನ್ನ ಕಡೆ ತಿರುಗಿ, “ನಿನ್ನೆ ಗೇಟಿನ ತನಕ ಹೋಗಿದ್ದು ಖರೇ ಏನೋ?” ಎಂದು ಕೇಳಿದಳು.

“ಖರೇ, ಅವ್ವಾ,” ಎಂದೆ.

ಡಾಕ್ಟರು ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿ, ಇದು ಈ ಚಳಿಗಾಲದ್ದಲ್ಲ, ಎಷ್ಟೋ ದಿನದಿಂದ ಒಳಗೇ ಇದ್ದದ್ದು ಎಂದು ಮರಾಠಿಯಲ್ಲಿ ಹೇಳಿದರು. ತಣ್ಣೀರಿನಿಂದ ಹೀಗಾಯಿತೇ ಎಂದು ಅವ್ವ ಕೇಳಿದಳು. ತಣ್ಣೀರಿನಿಂದ ಒಳ್ಳೆಯದೇನೂ ಆಗಲಿಲ್ಲ, ಆದರೆ ಈ ರೋಗ ತಣ್ಣೀರಿನಿಂದ ಬರುವುದಲ್ಲ ಎಂದರು. ಅವ್ವ ಅದರ ಮೊದಲಿನ ಅರ್ಧವನ್ನಷ್ಟೇ ಕೇಳಿಸಿಕೊಂಡಳು. ಮುಂದೆ ಸಾಯುವವರೆಗೂ ಅವಳಿಗೆ ಉಳಿದದ್ದು ಆ ಅರ್ಧವೇ.

ಊರಾಚೆಯ ಆಸ್ಪತ್ರೆಯಲ್ಲಿ ಅಣ್ಣನನ್ನು ಇಟ್ಟರು. ಅವ್ವನನ್ನು ಒಳಗೆ ಬಿಡುತ್ತಿರಲಿಲ್ಲ, ನಾನು ಡಿಪೋದಿಂದ ಬರುತ್ತಾ ಹೋಗುತ್ತಿದ್ದೆ. ಅಲ್ಲಿಯೂ ಅವನದು ಗುರಿಯೇ. “ಇವತ್ತ ಕಿಡಕಿ ತನಕ ಹೋಗಿದ್ದೆ, ಯಾರನ್ನೂ ಹಿಡೀಲಿಲ್ಲ,” ಎನ್ನುತ್ತಿದ್ದ. ಆ ಕಿಟಕಿ ಮಂಚದ ಪಕ್ಕದಲ್ಲೇ ಇತ್ತು. ಮನೆಗೆ ಬಂದರೆ ಅವ್ವ ಬಾಗಿಲಲ್ಲಿ. “ಅಂಗಳದ ತನಕ ಅಡ್ಡಾಡಿದನಂತ,” ಎಂದು ಈಗ ನಾನು ಹೇಳುತ್ತಿದ್ದೆ. ಆ ಸುಳ್ಳು ಹೇಳಲಿಕ್ಕೆ ನನಗೆ ಸ್ವಲ್ಪವೂ ಕಷ್ಟವಾಗಲಿಲ್ಲ. ಹೋಳಿಯ ಕಟ್ಟಿಗೆಯನ್ನು ಓಣಿಯಲ್ಲಿ ಒಟ್ಟುತ್ತಿದ್ದ ದಿನಗಳಲ್ಲಿ ಅವನು ಹೋಗಿಬಿಟ್ಟ. ಭೋರಿನಿಂದ ತಂಗಿ ಬಸ್ಸಿನಲ್ಲಿ ಬಂದಳು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಆ ದಾರಿಯಲ್ಲಿ ನಾನೊಬ್ಬನೇ. ಯಾವ ಗುರಿಯೂ ಇಲ್ಲ, ಆದರೂ ಇಳಿಯುತ್ತಿರಲಿಲ್ಲ. ಹಲ್ಲು ಕಚ್ಚಿ ನಿಗಡಿ ಏರುತ್ತಿದ್ದೆ, ಮೇಲೆ ಹೋಗಿ ಯಾರ ಮೇಲೋ ಸೇಡು ತೀರಿಸಿಕೊಂಡ ಹಾಗೆ ಸುಮ್ಮನೆ ಮುಂದೆ ಹೋಗುತ್ತಿದ್ದೆ. ಸಂಜೆ ಅವ್ವ ಈಗ ಏನೂ ಕೇಳುತ್ತಿರಲಿಲ್ಲ.

ಮತ್ತೆ ಧನುರ್ಮಾಸ ಬಂತು. ಪೂಜೆ ಈಗ ನನ್ನ ಪಾಲಿಗೆ. ಮೊದಲ ದಿನ ಕತ್ತಲಲ್ಲೆದ್ದು ತಣ್ಣೀರಿಗೆ ಮನಸ್ಸು ಗಟ್ಟಿಮಾಡಿಕೊಂಡು ಬಚ್ಚಲಿಗೆ ಹೋದರೆ ಬಂಬು ಉರಿಯುತ್ತಿತ್ತು. ನೀರು ಕೈ ಇಡಲಾರದಷ್ಟು ಕಾದಿತ್ತು. ಬಾಗಿಲ ಹೊರಗೆ ಅವ್ವ ಪಂಜೆಯನ್ನು ಒಲೆಯ ಕಾವಿಗೆ ಹಿಡಿದು ಬೆಚ್ಚಗೆ ಮಾಡಿಕೊಂಡು ನಿಂತಿದ್ದಳು, ತನ್ನ ಕೈಯಿಂದಲೇ ಮುಟ್ಟಿ, ಮಡಿ ಗಿಡಿ ಏನೂ ಲೆಕ್ಕಿಸದೆ. ಜೀವನವಿಡೀ ಕೋಲಿನಿಂದ ಬಟ್ಟೆ ಎತ್ತಿ ಒಣಹಾಕಿದವಳು. ನಾನು ಅದನ್ನು ಉಟ್ಟುಕೊಂಡೆ.

ಹುಗ್ಗಿ ತಿಂದು, ಮಫ್ಲರ್ ಸುತ್ತಿಕೊಂಡು ಸೈಕಲ್ ಹೊರಗೆ ತೆಗೆದಾಗ ವಾಡೆಯ ಬಾಗಿಲ ತನಕ ಬಂದಳು.

“ಇಳಕೋತ ಹೋಗಪಾ,” ಎಂದಳು. “ಎಲ್ಲಿ ದಣಿವಾತು ಅಲ್ಲಿ ಇಳಿ.”

ನನಗೆ ದಣಿವಾಗಿರಲಿಲ್ಲ. ಆದರೂ ಖಡಕಿಯಲ್ಲಿ ಇಳಿದೆ. ದಾಪೋಡಿಯ ಸೇತುವೆಯ ಮೇಲೆ ಇಳಿದು ಮಂಜು ನೋಡುತ್ತಾ ನಿಂತೆ. ಪಿಂಪರಿಯಲ್ಲಿ ಇಳಿದೆ, ಚಿಂಚವಡದಲ್ಲಿ, ಆಕುರ್ಡಿಯಲ್ಲಿ, ಅವನು ಇಳಿದ ಕಡೆಯಲ್ಲೆಲ್ಲ ಇಳಿದೆ. ನಿಗಡಿಯ ಏರನ್ನು ಸೈಕಲ್ ದಬ್ಬಿಕೊಂಡು ನಡೆದೇ ಹತ್ತಿದೆ, ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಕೈ ಖಾಲಿ. ಡಿಪೋ ಮುಟ್ಟುವಷ್ಟರಲ್ಲಿ ಭೋಂಗಾ ಕೂಗಿ ಗೇಟು ಮುಚ್ಚಿತ್ತು. ಮಧ್ಯಾಹ್ನದವರೆಗೆ ಬೇವಿನ ಗಿಡದ ಕೆಳಗೆ ಕೂತೆ.